ದಾಳಿಂಬೆಗೆ ಹಾಕಿದ ಸವಳು ನೀರು

ನನಗೆ ಅಕ್ಷರ ಕಲಿಸಿದ್ದು ಮೊಮ್ಮಗಳು. ತಪ್ಪು ಬರೆದ ಕಡೆ ಅವಳು ತಿದ್ದಿದ್ದಾಳೆ. ನಡೆದದ್ದನ್ನು ಮಾತ್ರ ತಿದ್ದಬೇಡ ಎಂದು ಹೇಳಿದ್ದೇನೆ.

ನಿಜಾಮನ ಕಾಲ ಅದು. ನಾರಾಯಣಖೇಡದ ಕಡೆಯ ಹಳ್ಳಿಯಿಂದ ಮದುವೆಯಾಗಿ ತಾಂಡೂರಿಗೆ ಬಂದಿದ್ದೆ. ಗಂಡ ನೆಲಕ್ಕೆ ಹಾಸುವ ಫರಸಿ ಕಲ್ಲು ಒಡೆಯುತ್ತಿದ್ದ. ನಾನು ಕಚೇರಿಯ ಪೇಶ್ಕಾರರೊಬ್ಬರ ಮನೆಗೆ ನೀರು ಹೊರುತ್ತಿದ್ದೆ. ಕೆಳಗೆ ಅಂಗಡಿ ಸಾಲು, ಮೇಲೆ ಅವರ ಮನೆ. ಪೇಶ್ಕಾರರ ಹೆಂಡತಿ ಬೀಬಿ ಪರದೆಯವರು, ಮೆಟ್ಟಿಲು ಇಳಿಯುತ್ತಿರಲಿಲ್ಲ. ತವರು ಬೀದರ. ಅಲ್ಲಿ ತಂದೆಯ ಹಣ್ಣಿನ ತೋಟವಿತ್ತಂತೆ. ತೋಟಕ್ಕೆ ಹೋಗಲು ಆಗದೆ ಗಿಡಗಳನ್ನೇ ಮಹಡಿಗೆ ಹತ್ತಿಸಿದ್ದರು. ಚಿಮಣಿ ಎಣ್ಣೆಯ ಡಬ್ಬಿಯಲ್ಲಿ ನಿಂಬೆ, ಚಹಾ ಪೆಟ್ಟಿಗೆಯಲ್ಲಿ ಅಂಜೂರ, ಬಾಯಿ ಒಡೆದ ದೊಡ್ಡ ಮಣ್ಣಿನ ರಂಜಣಿಗೆಯಲ್ಲಿ ದಾಳಿಂಬೆ. ಬಿಸಿಲು ಬೀಳುವ ಕಿಟಕಿಗಳಿಗೆಲ್ಲ ಬಿದಿರಿನ ಪರದೆ. ಒಳಗೆ ಜೇನುನೊಣ ಬರುತ್ತಿರಲಿಲ್ಲ. ಬೀಬಿ ಹತ್ತಿಯ ಬತ್ತಿ ಹೊಸೆದು ಹೂವಿನಿಂದ ಹೂವಿಗೆ ತಾವೇ ತಾಗಿಸುತ್ತಿದ್ದರು. ಅಷ್ಟು ಮಾಡಿದ ಮೇಲೆ ಆ ವರ್ಷ ದಾಳಿಂಬೆಯಲ್ಲಿ ಒಂದು ಕಾಯಿ ನಿಂತಿತು. ಒಂದೇ.

ಮನೆಯ ಹಿಂದಿನ ಬಾವಿ ಸವಳು, ಉಪ್ಪು ನೀರು. ಸೀನೀರಿನ ಬಾವಿ ಸ್ಟೇಷನ್ನಿನ ಆಚೆ. ಕುಡಿಯುವುದಕ್ಕೂ ಗಿಡಕ್ಕೂ ಸೀನೀರೇ ತರಬೇಕು ಎಂದು ಬೀಬಿ ಮೊದಲ ದಿನವೇ ಹೇಳಿದ್ದರು. ಕುಡಿಯುವ ನೀರು ಮಾತ್ರ ನಾನು ಅಲ್ಲಿಂದ ತರುತ್ತಿದ್ದೆ, ಏಕೆಂದರೆ ನಾಲಿಗೆಗೆ ಗೊತ್ತಾಗುತ್ತದೆ. ಗಿಡ ಯಾರಿಗೆ ಹೇಳೀತು? ಹಿಂದಿನ ಬಾವಿಯದ್ದೇ ಸೇದಿ ಹಾಕುತ್ತಿದ್ದೆ. ಉಳಿದ ಹೊತ್ತಿನಲ್ಲಿ ಸ್ಟೇಷನ್ ಕಟ್ಟೆಯ ಮೇಲೆ ಕೂತು ರೈಲಿನಿಂದ ಇಳಿಯುವವರ ಸೀರೆ ನೋಡುತ್ತಿದ್ದೆ. ಮೈಗಳ್ಳತನ, ಬೇರೇನೂ ಅಲ್ಲ.

ಗಿಡಗಳಿಗೆ ಹಳೆಯ ಗೊಬ್ಬರ ತರುತ್ತಿದ್ದವಳು ಇನ್ನೊಬ್ಬಳು. ನನಗಿಂತ ಹತ್ತು ವರ್ಷ ದೊಡ್ಡವಳು, ನಾನು ಅಕ್ಕಾ ಅನ್ನುತ್ತಿದ್ದೆ. ಊರಿಗೆ ಹೊಸಬರಾಗಿ ಬಂದ ನನಗೂ ಗಂಡನಿಗೂ ಇರುವುದಕ್ಕೆ ಒಂದು ಗುಡಿಸಲು ಹುಡುಕಿಕೊಟ್ಟವಳು ಅವಳೇ. ಒಂದು ದಿನ ಮೆಟ್ಟಿಲ ಬುಡದಲ್ಲಿ ಬುಟ್ಟಿ ಇಳಿಸಿ ನಿಂತಳು.

"ಇದನ್ನ ನೀನೇ ಮ್ಯಾಲ ಒಯ್ಯ ತಂಗಿ. ನಂಗ ಭಾರ ಎತ್ತಬ್ಯಾಡ ಅಂದಾಳ ಸೂಲಗಿತ್ತಿ."

"ಯಾಕಕ್ಕಾ, ಎಷ್ಟು ತಿಂಗಳಾತು?"

"ಬಾಯಿ ಮುಚ್ಚ, ಖೋಡಿ! ಮೂರು ಮುಗದಾವ. ಎರಡ ಸಲ ಮಂದೀಗ ಹೇಳಿ ಕಳಕೊಂಡೀನಿ. ಐದು ತುಂಬೋತನ ಹೇಳಂಗಿಲ್ಲ ಅಂತ ಹರಕಿ ಹೊತ್ತೀನಿ. ನಿಂಗ ಒಬ್ಬಾಕಿಗೇ ಹೇಳೀನಿ." ಆಮೇಲೆ ನಕ್ಕಳು. "ಆ ಡಾಳಿಂಬರ ಹಣ್ಣಾದ್ರ ಒಂದು ನಾಕು ಕಾಳು ಕೇಳಿ ಇಸಕೊಡ. ಹುಳಿ ನೆನಸಿದ್ರ ಬಾಯಾಗ ನೀರು ಬರ್ತದ."

ಸ್ವಲ್ಪ ದಿನಕ್ಕೆ ದಾಳಿಂಬೆಯ ಎಲೆಗಳ ತುದಿ ಸುಟ್ಟವು. ನಿಂಬೆ ಎಲೆ ಉದುರಿಸಿತು. ರಂಜಣಿಗೆಯ ಮಣ್ಣಿನ ಮೇಲೆ ಬೆಳ್ಳಗೆ ಉಪ್ಪಿನ ಹಕ್ಕಳೆ ಕಟ್ಟಿತು. ಹೊಲದಲ್ಲಾದರೆ ಮಳೆ ಬಂದು ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ. ಮಹಡಿಯ ಮೇಲೆ ರಂಜಣಿಗೆಯೊಳಗೆ ಅದು ಎಲ್ಲಿ ಹೋಗಬೇಕು? ನಾನು ದಿನಾ ಬೆರಳಿನಿಂದ ಆ ಬಿಳುಪನ್ನು ಕೆದರಿ ಮುಚ್ಚುತ್ತಿದ್ದೆ.

ಬೀಬಿ ನಮ್ಮಿಬ್ಬರನ್ನೂ ಕರೆದು ನಿಲ್ಲಿಸಿದರು. ಅವರ ಕಣ್ಣು ಊದಿತ್ತು. ಪಕ್ಕದ ಕೋಣೆಯಲ್ಲಿ ಪೇಶ್ಕಾರರು ಊಟಕ್ಕೆ ಕೂತಿದ್ದರು. ನಡುವೆ ಒಂದು ಪರದೆ ಮಾತ್ರ.

"ಸಚ್ ಹೇಳ್ರಿ. ನೀರು ಎಲ್ಲೀದು?"

"ಸ್ಟೇಷನ್ ಬಾವೀದೇ, ಅಮ್ಮಾರ," ಎಂದೆ. ಸಾಲದೆ ಇನ್ನೊಂದು ಮಾತು ತಾನಾಗಿ ಬಾಯಿಗೆ ಬಂತು. "ಈಕಿ ಮುಟ್ಟಾದಾಗ ಗಿಡಾ ಮುಟ್ಟ್ಯಾಳ್ರಿ. ನಾ ಬ್ಯಾಡ ಅಂದ್ರೂ ಕೇಳಲಿಲ್ಲ."

ಮುಟ್ಟಾದವಳ ಕೈ ತಾಗಿದರೆ ಗಿಡ ಬಾಡುತ್ತದೆ ಎಂದು ಆಗ ಎಲ್ಲರೂ ನಂಬಿದ್ದೆವು, ಬೀಬಿಯೂ. ಅವಳು ಮುಟ್ಟಾಗಿ ಮೂರು ತಿಂಗಳು ದಾಟಿತ್ತು. ಅದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಬಸುರಿ ಎಂದು ಅವಳೇ ಹೇಳಿದ್ದರೆ ಪಾರಾಗುತ್ತಿದ್ದಳು. ಹೇಳಿದರೆ ಹರಕೆ ಮುರಿಯುತ್ತಿತ್ತು, ಅದೂ ಪರದೆಯ ಆಚೆ ಗಂಡಸು ಕೂತಿದ್ದಾಗ. ಅವಳು ಬೀಬಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ನೀನೇ ಹೇಳ ತಂಗಿ. ನಾ ಮುಟ್ಟಾಗಿದ್ನೇನು?"

"ಹೌದು," ಎಂದೆ.

ಇನ್ನು ಈ ಮೆಟ್ಟಿಲು ಹತ್ತಬೇಡ ಎಂದು ಬೀಬಿ ಅವಳ ಮೇಲೆ ಕೂಗಿದರು. ಅವಳು ಬುಟ್ಟಿ ತೆಗೆದುಕೊಂಡು ಇಳಿದಳು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡಿದ್ದಳು.

ಹತ್ತು ದಿನಕ್ಕೆ ದಾಳಿಂಬೆ ಸತ್ತಿತು. ಕಾಯಿ ಅರ್ಧ ಹಣ್ಣಾಗಿ ಸೀಳಿತ್ತು. ಬೀಬಿ ಅದನ್ನು ಎರಡು ಹೋಳು ಮಾಡಿ ಒಂದನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗಿಟ್ಟರು.

"ಆಕಿಗೆ ಕೊಡು. ಗುಸ್ಸಾದಾಗ ಓಡಿಸಿದೆ. ನಾಳಿಂದ ಬಾ ಅಂತ ಹೇಳು. ಬಡವಿ, ಎಲ್ಲಿ ಹೋಗ್ತಾಳ."

ಅವಳ ಓಣಿಯ ಬಾಯಿಯವರೆಗೆ ಹೋದೆ. ಅವಳು ಬಂದರೆ ಐದು ತುಂಬಿದ ಮೇಲೆ ಬೀಬಿಯ ಮುಂದೆ ಬಾಯಿ ಬಿಡುತ್ತಾಳೆ, ನನ್ನ ಸುಳ್ಳು ಬಯಲಾಗುತ್ತದೆ ಎಂದು ಹೆದರಿದೆ. ಹುಣಸೆ ಮರದ ಕೆಳಗೆ ಕೂತೆ. ಹಣ್ಣಿನ ನೀರು ಬಟ್ಟೆಯಿಂದ ಇಳಿದು ಮುಂಗೈಗೆ ಬರುತ್ತಿತ್ತು. ಬಿಚ್ಚಿ ತಿಂದೆ. ಹುಳಿ ಇತ್ತು. ನಾಲ್ಕು ಕಾಳು ಸಹ ಉಳಿಸಲಿಲ್ಲ. ಬಟ್ಟೆಯನ್ನು ಸೀನೀರಿನ ಬಾವಿಯ ಬಳಿ ಒಗೆದು ಬೀಬಿಗೆ ಒಯ್ದು ಕೊಟ್ಟೆ.

"ಬರಂಗಿಲ್ಲ ಅಂದ್ಳು, ಅಮ್ಮಾರ."

"ಅಷ್ಟು ಸೊಕ್ಕು!" ಎಂದು ಬೀಬಿ ಬೇರೊಬ್ಬಳನ್ನು ಇಟ್ಟುಕೊಂಡರು.

ಆ ದಿನದಿಂದ ನಾನು ಗಿಡಗಳಿಗೂ ಸೀನೀರೇ ಹೊತ್ತೆ. ಒಳ್ಳೆಯತನಕ್ಕಲ್ಲ, ಸಿಕ್ಕಿಬೀಳುತ್ತೇನೆಂಬ ಭಯಕ್ಕೆ. ತಿಂಗಳೊಳಗೆ ನಿಂಬೆ ಚಿಗುರಿತು. ಬೀಬಿ ಆ ಚಿಗುರನ್ನು ಬಂದವರಿಗೆಲ್ಲ ತೋರಿಸಿದರು. "ನೋಡ್ರಿ, ಆಕಿ ಕಾಲು ತೆಗೆದ ಮ್ಯಾಲೆ ಹ್ಯಾಂಗ ಚಿಗುರ್ಯಾದ!" ನಾನು ಕೊಡ ಹಿಡಿದು ಅಲ್ಲೇ ನಿಂತಿದ್ದೆ. ಆ ಊರಿನಲ್ಲಿ ಅವಳಿಂದ ಯಾರೂ ಗೊಬ್ಬರ ಕೊಳ್ಳದ ಹಾಗಾಯಿತು. ಗಂಡ ಹೆಂಡತಿ ಊರು ಬಿಟ್ಟರು.

ಎರಡು ವರ್ಷದ ಮೇಲೆ ನಾನು ತವರಿಗೆ ಹೋದಾಗ ನಾರಾಯಣಖೇಡದ ಸಂತೆಯಲ್ಲಿ ಅವಳು ಸಿಕ್ಕಳು. ತೊಗರಿ ಹಸನು ಮಾಡುವ ಕೂಲಿಗೆ ಬಂದಿದ್ದಳು. ಕಂಕುಳಲ್ಲಿ ಹೆಣ್ಣು ಕೂಸು. ಓಡಿಹೋಗೋಣ ಅನ್ನಿಸಿತು, ಅಷ್ಟರಲ್ಲಿ ಅವಳೇ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ನಾನೂ ಒಂದೆರಡು ತಿರುಗಿ ಬೈದು ಹಗುರಾಗುತ್ತಿದ್ದೆ.

"ಗಿಡ ಉಳೀತೇನು?" ಎಂದು ಕೇಳಿದಳು.

"ಇಲ್ಲಕ್ಕಾ. ಸತ್ತತು."

"ಹಣ್ಣು?"

ಕೂಸು ನನ್ನ ಬಳೆಗೆ ಕೈ ಚಾಚಿತ್ತು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

"ಬೀಬಿ ತಿಂದ್ರು," ಎಂದೆ.

ಅವಳು ತೊಗರಿಯ ಕಡೆ ತಿರುಗಿದಳು. ನಾನು ಅಲ್ಲಿಂದ ಮನೆಗೆ ಬಂದೆ. ಅವಳು ಈಗ ಇದ್ದಾಳೋ ಇಲ್ಲವೋ ಗೊತ್ತಿಲ್ಲ. ಆ ಕೂಸಿಗಾದರೂ ಓದು ಬಂದಿದ್ದರೆ ಇದನ್ನು ಓದಲಿ: ಹಣ್ಣು ತಿಂದವಳು ನಾನು.