ಸ್ಟೇರಿಂಗ್ ಮೇಲಿದ್ದವನಿಗೆ ಹೇಳಬಾರದ ಸುದ್ದಿ

ಇಲ್ಲ... ನಾನು ನಂಬಲೇ ಇಲ್ಲ.
ಬೆಳಿಗ್ಗೆ ಮಂಜು ಫೋನ್ ಮಾಡಿ "ಕಾಕಾ, ಅಪ್ಪ ಹೋಗಿಬಿಟ್ಟ್ರಿ" ಅಂದ.
"ಎಲ್ಲಿಗೆ?" ಅಂದೆ ನಾನು.
ಲಾರಿ ಡ್ರೈವರ್ ಹೋದ ಅಂದರೆ ನಮ್ಮ ಬಾಯಿಗೆ ಬರುವುದು ಅದೊಂದೇ ಮಾತು...
ಆ ಹುಡುಗ ಅಳುವುದಕ್ಕೆ ಶುರು ಮಾಡಿದ ಮೇಲೆ ತಿಳಿಯಿತು.

ನಮ್ಮ ಫಕ್ಕೀರಪ್ಪ ಇನ್ನಿಲ್ಲ.

ಫ್ರೆಂಡ್ಸ್, ನನ್ನ ಪೋಸ್ಟುಗಳಲ್ಲಿ "ದೋಸ್ತ" ಅಂತ ಒಬ್ಬ ಬರುತ್ತಿದ್ದನಲ್ಲ... ಅವನೇ.
ಎಂಬತ್ತರ ದಶಕದಲ್ಲಿ ನಾವಿಬ್ಬರೂ ಅಣ್ಣಿಗೇರಿಯಿಂದ ಮುಂಬೈಗೆ ಲಾರಿ ಹೊಡೆಯುತ್ತಿದ್ದೆವು.
ಅವನದೊಂದು ಗಾಡಿ, ನನ್ನದೊಂದು ಗಾಡಿ.
ಹತ್ತಿ, ಒಣಮೆಣಸಿನಕಾಯಿ, ಶೇಂಗಾ... ಸಿಕ್ಕಿದ್ದು ಹೇರಿಕೊಂಡು ಹೋಗುವುದು.
ಮೆಣಸಿನಕಾಯಿ ಲೋಡಿದ್ದರೆ ಮುಂಬೈ ಮುಟ್ಟುವ ತನಕ ಸೀನು.

ಆಗ ಯಾರ ಹತ್ತಿರ ಫೋನ್ ಇತ್ತು ಹೇಳಿ?
ಮನೆಯ ಸುದ್ದಿ ಬರುತ್ತಿದ್ದುದು ಎದುರು ಬರುವ ಗಾಡಿಯಲ್ಲಿ.
ಊರಿನ ಲಾರಿ ಎದುರಾದರೆ ಲೈಟ್ ಹೊಡೆದು ಬಾಜೂಕ್ಕೆ ಹಾಕುವುದು, ಚಹಾ ಕುಡಿಯುವುದು.
ಊರಿಂದ ಹೊರಟವನ ಹತ್ತಿರ ಒಣಗಿಸಿದ ಕಟಕ ರೊಟ್ಟಿಯ ಗಂಟು ಇರುತ್ತಿತ್ತು. ತಿರುಗಿ ಬರುವವನಿಗೆ ಅದರಲ್ಲಿ ಪಾಲು.

ಆದರೆ ನಮ್ಮ ಲಾರಿ ಲೈನಿನಲ್ಲಿ ಒಂದು ಕಾನೂನು ಇತ್ತು...
ಸ್ಟೇರಿಂಗ್ ಮೇಲಿದ್ದವನಿಗೆ ಕೆಟ್ಟ ಸುದ್ದಿ ಹೇಳಬಾರದು. ಮನಸ್ಸು ಕೆಟ್ಟವನ ಕೈಯಲ್ಲಿ ಗಾಡಿ ನಿಲ್ಲುವುದಿಲ್ಲ, ಮುಂದೆ ಘಾಟ್ ಇರುತ್ತದೆ.
ತೀರಾ ಹೇಳಲೇಬೇಕು ಅಂದರೆ "ಒಮ್ಮೆ ಊರ ಕಡೆ ಬಾ ಅಂದಾರ" ಅನ್ನುವುದು. ಅಷ್ಟೇ. ಕೇಳಿದವನಿಗೆ ತಿಳಿಯುತ್ತಿತ್ತು, ಮುಂದೆ ಕೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕೊಲ್ಲಾಪುರದ ಹತ್ತಿರ ಫಕ್ಕೀರಪ್ಪ ಸಿಕ್ಕ. ಗಾಡಿ ಖಾಲಿ ಮಾಡಿಕೊಂಡು ನಿಂತಿದ್ದ.
ನಾನು ಊರು ಬಿಡುವಾಗ ಅವನ ಅವ್ವ ಹಾಸಿಗೆ ಹಿಡಿದಿದ್ದಳು. "ಫಕ್ಕೀರ್ಯಾ ಬಂದನೇನು?" ಅಂತ ಬಂದವರನ್ನೆಲ್ಲ ಕೇಳುತ್ತಿದ್ದಳು.

"ಅವ್ವನ ರೊಟ್ಟಿ ಎಲ್ಲದಾವಲೇ?" ಅಂದ.
"ಲಗೂನ ಬಿಟ್ಟ್ನಿ, ತರಾಕ ಆಗ್ಲಿಲ್ಲ," ಅಂದೆ.
"ಹೆಂಗದಾಳ ಆಕಿ?"
"ಅಗದಿ ಆರಾಮ ಅದಾಳ."

ನನ್ನ ಹೆಂಡತಿಯ ರೊಟ್ಟಿ ತಿಂದ. "ನಿನ್ನ ಹೇಂತಿ ರೊಟ್ಟಿ ಟಯರಿಗೆ ಪಂಕ್ಚರ್ ಹಾಕಾಕ ಬರ್ತಾವು ನೋಡು" ಅಂತ ನಕ್ಕ.
ನಾನೂ ನಕ್ಕೆ...

ಹೆಂಗೂ ಊರಿಗೇ ಹೊರಟಿದ್ದಾನೆ, ಹೋಗಿ ನೋಡುತ್ತಾನೆ ಅಂದುಕೊಂಡಿದ್ದೆ.
ಅಲ್ಲೊಬ್ಬ ವ್ಯಾಪಾರಿ ಗುಜರಾತಿಗೆ ಬೆಲ್ಲದ ಲೋಡು ತಗೊಂಡು ಹೋಗು ಅಂತ ಅವನ ಬೆನ್ನು ಹತ್ತಿದ್ದ. ಅದು ನನಗೆ ಗೊತ್ತಿರಲಿಲ್ಲ.
ಅವ್ವ ಆರಾಮ ಇದ್ದಾಳೆ ಅಂತ ಕೇಳಿ, ಅವನು ಗಾಡಿ ಗುಜರಾತಿನ ಕಡೆ ತಿರುಗಿಸಿದ.

ಊರಿಗೆ ಬರುವಷ್ಟರಲ್ಲಿ ಅವ್ವನ ಮಣ್ಣು ಆಗಿಹೋಗಿತ್ತು.

ಜಗಳ ತೆಗೆಯುತ್ತಾನೆ ಅಂದುಕೊಂಡಿದ್ದೆ. ತೆಗೆದಿದ್ದರೆ ಚೆನ್ನಾಗಿತ್ತು.
"ನೀ ಲೈನಿನ ಪ್ರಕಾರ ಹೇಳೀದಿ, ಬಿಡಪಾ" ಅಂದ. ಅಷ್ಟೇ.
ಆಮೇಲೆ ರೋಡಿನಲ್ಲಿ ಎಷ್ಟೋ ಸಲ ಸಿಕ್ಕೆವು... ಟಯರ್ ಕೇಳುತ್ತಿದ್ದ, ಮಳೆ ಕೇಳುತ್ತಿದ್ದ.
"ಮನ್ಯಾಗ ಹೆಂಗದಾರು?" ಅಂತ ಮಾತ್ರ ನನ್ನನ್ನು ಕೇಳಲೇ ಇಲ್ಲ.
ಬೇರೆ ಗಾಡಿಯವರನ್ನು ಕೇಳುತ್ತಿದ್ದ. ನನ್ನ ಎದುರಿಗೇ.

ಫಕ್ಕೀರ್ಯಾ...
ಇಷ್ಟೂ ಊರಿಗೆಲ್ಲ ಗೊತ್ತಿರುವ ಮಾತು. ನಾನು ಇವತ್ತು ಕೂತು ಬರೆಯುತ್ತಿರುವುದು ಅದಕ್ಕಲ್ಲ.
ಹೋದ ವಾರದ್ದಕ್ಕೆ.

ಹುಬ್ಬಳ್ಳಿ ಆಸ್ಪತ್ರೆಯಲ್ಲಿ ಡಾಕ್ಟರ್ ಮಂಜುನನ್ನೂ ನನ್ನನ್ನೂ ಹೊರಗೆ ಕರೆದು ಹೇಳಿದ್ದರು. ಇನ್ನು ನಮ್ಮ ಕೈಯಲ್ಲಿಲ್ಲ, ಬೇಕಾದರೆ ಮನೆಗೆ ಕರೆದುಕೊಂಡು ಹೋಗಿ ಅಂತ.
ಒಳಗೆ ಬಂದೆ. ನೀನು ನನ್ನ ಮುಖ ನೋಡಿದೆ.

"ಏನಂದ್ರಲೇ ಡಾಕ್ಟರು?"
"ಏನಿಲ್ಲೋ. ಆರಾಮ ಆಕ್ಕೈತಂತ."
ನೀನು ನನ್ನ ಕೈ ಹಿಡಿದುಕೊಂಡೆ.
"ಈರ್ಯಾ... ನಾ ಈಗ ಸ್ಟೇರಿಂಗ್ ಮ್ಯಾಲ ಇಲ್ಲಲೇ. ಖರೇ ಹೇಳು."

ಅಷ್ಟು ವರ್ಷ ಆದ ಮೇಲೆ ನೀನು ನನ್ನನ್ನು ಒಂದು ಸುದ್ದಿ ಕೇಳಿದೆ.
ನಾನು ಮತ್ತೆ "ಆರಾಮ ಆಕ್ಕೀ ಬಿಡು" ಅಂದೆ.

ಈ ಸಲ ಯಾವ ಘಾಟ್ ಇತ್ತು ಮುಂದೆ?
ಯಾವ ಕಾನೂನೂ ಇರಲಿಲ್ಲ. ನನಗೆ ಧೈರ್ಯ ಆಗಲಿಲ್ಲ... ಅಷ್ಟೇ.

ಹೊರಗೆ ಮಂಜು ಕೇಳಿದ, "ಕಾಕಾ, ಅಪ್ಪನ್ನ ಮನಿಗೆ ಒಯ್ಯೂಣೇನ್ರಿ?"
ಮನೆಗೆ ಒಯ್ದರೆ ನಿನಗೆ ಗೊತ್ತಾಗುತ್ತದೆ, ನನ್ನ ಸುಳ್ಳು ಬಯಲಾಗುತ್ತದೆ... ಆ ಕ್ಷಣಕ್ಕೆ ನನ್ನ ತಲೆಯಲ್ಲಿ ಬಂದದ್ದು ಅದು.
"ನಾಕ ದಿನಾ ನೋಡೂಣು ತಡೀಪಾ" ಅಂದೆ.
ಆ ಹುಡುಗ ಹಿರಿಯನ ಮಾತು ಅಂತ ಕೇಳಿದ.

ನಿನ್ನೆ ನೀನೇ ಅವನಿಗೆ ಅಂದೆಯಂತೆ, "ನಮ್ಮ ಪಡಸಾಲ್ಯಾಗ ಒಂದೀಟು ಅಡ್ಡಾಗಬೇಕಾಗಿತ್ತು ನೋಡು" ಅಂತ.
ಮಂಜು ಇವತ್ತು ಸಂಜೆಗೆ ಗಾಡಿ ಹೇಳಿದ್ದ.
ನೀನು ಬೆಳಿಗ್ಗೆಯೇ ಹೋದೆ.

ಗಾಡಿ ಬಂತು... ಅದೇ ಗಾಡಿ.
ಈಗ ಪಡಸಾಲೆಯಲ್ಲೇ ಮಲಗಿಸಿದ್ದಾರೆ ನಿನ್ನನ್ನು. ನಾನು ಕಟ್ಟೆಯ ಮೇಲೆ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ. ಒಳಗೆ ಬರುವುದಕ್ಕೆ ಆಗುತ್ತಿಲ್ಲ. ಮಂಜು ಬಂದು ಚಹಾ ಕೊಟ್ಟು, "ಕಾಕಾ, ನೀವಿದ್ರಿ ಅಂತ ನಮಗ ಧೈರ್ಯ ಇತ್ತು" ಅಂದು ಹೋದ.
ತಡಿ ಅಂದದ್ದು ಯಾಕೆ ಅಂತ ಅವನಿಗೆ ಇನ್ನೂ ಹೇಳಿಲ್ಲ. ಮೊದಲು ಹೇಳುತ್ತೇನೆ, ಆಮೇಲೆ ಇದನ್ನು ಪೋಸ್ಟ್ ಮಾಡುತ್ತೇನೆ. ನೀವು ಇದನ್ನು ಓದುತ್ತಿದ್ದೀರಿ ಅಂದರೆ ಅವನಿಗೆ ಗೊತ್ತಾಗಿದೆ ಅಂತ ಅರ್ಥ.

ನಾಳೆ ಮುಂಜಾನೆ ಮಣ್ಣು. ಗೊತ್ತಿದ್ದವರು ಬನ್ನಿ.
ಕಮೆಂಟಿನಲ್ಲಿ ನನಗೆ ಯಾರೂ ಸಮಾಧಾನ ಹೇಳಬೇಡಿ, ದಯವಿಟ್ಟು.

ಹೋಗಿ ಬಾ ದೋಸ್ತ...
ನಿನ್ನ ಜೀವಕ್ಕೆ ಶಾಂತಿ ಸಿಗಲಿ.
ನನಗೆ ಇಷ್ಟು ಬೇಗ ಬೇಡ.