ಹದಿನಾಲ್ಕನೇ ಕಾಲಮ್ಮಿನ ಸುಳ್ಳು

ಕಾಗದದ ಮೇಲೆ ನಾನು ಹೇಳಿದ ಮೊದಲ ಸುಳ್ಳು ಪುತ್ತೂರಿನ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಹುಟ್ಟಿತು. ಆಗ ನಾನು ಐದನೇ ಕ್ಲಾಸು. ಕಡಬದ ಕಡೆ ಒಂದು ಗುಡ್ಡದ ಮೇಲೆ ಹಾಸ್ಟೆಲ್ ಇರುವ ಶಾಲೆಯಿತ್ತು. ಅಲ್ಲಿ ಆರನೇ ಕ್ಲಾಸಿಗೆ ಅರ್ಜಿ ಹಾಕಲೆಂದು ಅಮ್ಮ ನನ್ನನ್ನು ಕಬಕದಲ್ಲಿ ಬಸ್ಸು ಹತ್ತಿಸಿ ಕರೆದುಕೊಂಡು ಬಂದಿದ್ದಳು. ಅಂಗಡಿಯವರು ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಕಾಲಂ ಓದಿ ಹೇಳುತ್ತ, ನಾವು ಹೇಳಿದ್ದನ್ನು ಟೈಪು ಮಾಡುತ್ತಿದ್ದರು. ಹೆಸರು, ಊರು, ಆಧಾರ್ ಎಲ್ಲ ಸಲೀಸಾಗಿ ಮುಗಿಯಿತು. ಹದಿನಾಲ್ಕನೇ ಕಾಲಂ ಬಂತು: ವಿಶೇಷ ಪ್ರತಿಭೆ.

ನಮಗಿಂತ ಮೊದಲು ಬಂದಿದ್ದ ಹುಡುಗಿ ಭರತನಾಟ್ಯ, ಚೆಸ್ಸು, ಕರಾಟೆ ಮೂರನ್ನೂ ಬರೆಸಿ ಹೋದದ್ದು ನನ್ನ ಕಿವಿಗೆ ಬಿದ್ದಿತ್ತು. ಅಮ್ಮ ಮಾತ್ರ, ಇವಳಿಗೆ ಹಾಗಿನದ್ದೆಲ್ಲ ಎಂತದೂ ಇಲ್ಲ, ಖಾಲಿ ಬಿಡಿ ಅಂದುಬಿಟ್ಟಳು. ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ನನಗೆ ಬೇಗ ಬರುತ್ತದೆ, ಈಗಲೂ ಅಷ್ಟೇ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಅಪ್ಪನ ಜೊತೆ ಸುರಂಗದ ಒಳಗೆ ಹೋಗಿ ಕೆಲಸ ಮಾಡುತ್ತೇನೆ ಅಂತ ಬರೆಯಿರಿ ಅಂದೆ. ಅಂಗಡಿಯವರು ಅಮ್ಮನ ಮುಖ ನೋಡಿದರು. ಅಮ್ಮನಿಗೆ ನಗು ಬಂತು. "ಬರೆಯಿರಿ ಮಾರಾಯ್ರೆ, ಅದನ್ನೆಲ್ಲ ಯಾರು ಓದ್ತಾರೆ" ಅಂದಳು.

ನಮ್ಮ ಕಡೆ ನೀರಿಗಾಗಿ ನೆಲವನ್ನು ಕೆಳಕ್ಕೆ ತೋಡುವುದಕ್ಕಿಂತ ಗುಡ್ಡವನ್ನು ಅಡ್ಡ ತೋಡುವುದೇ ಹಳೆಯ ಕ್ರಮ. ಗುಡ್ಡದ ಹೊಟ್ಟೆಗೆ ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ದಾರಿ ಕೊರೆದು, ಒಳಗೆ ಒಸರುವ ನೀರನ್ನು ಪೈಪಿನಲ್ಲಿ ಅಂಗಳಕ್ಕೆ ಇಳಿಸುತ್ತಾರೆ. ಅದನ್ನೇ ಸುರಂಗ ಅನ್ನುವುದು. ಅಪ್ಪನದು ಅದೇ ಕೆಲಸ. ಬೋರ್‌ವೆಲ್ ಬಂದ ಮೇಲೆ ಹೊಸದು ತೋಡಿಸುವವರು ಇಲ್ಲವಾದರು. ಹಳೆಯದರಲ್ಲಿ ಮಣ್ಣು ಜರಿದರೆ ತೆಗೆಯಲಿಕ್ಕೆ ಮಾತ್ರ ಕರೆ ಬರುತ್ತಿತ್ತು. ಒಳಗೆ ಬೆಳಕು ಬೇಕಲ್ಲ, ಅದಕ್ಕೆ ಸುರಂಗದ ಬಾಯಿಯಲ್ಲಿ ಯಾರಾದರೂ ಕನ್ನಡಿ ಹಿಡಿದು ನಿಂತು ಬಿಸಿಲನ್ನು ಒಳಕ್ಕೆ ತಿರುಗಿಸಬೇಕು. ರಜೆಯ ದಿನಗಳಲ್ಲಿ ಆ ಕನ್ನಡಿ ನನ್ನ ಕೈಯಲ್ಲಿರುತ್ತಿತ್ತು. ಸೂರ್ಯ ಸರಿದ ಹಾಗೆ ನಾನೂ ಸರಿಯಬೇಕು, ಕೈ ಅಲುಗಿದರೆ ಒಳಗಿಂದ ಅಪ್ಪನ ಬೈಗುಳ. ಒಳಗೆ ಮಾತ್ರ ನಾನು ಕಾಲಿಟ್ಟವಳಲ್ಲ. ಏಳು ವರ್ಷದವಳಿದ್ದಾಗ ಅಪ್ಪ ಒಮ್ಮೆ ಕೈ ಹಿಡಿದು ಕರೆದಿದ್ದರು. ನಾನು ಸುರಂಗದ ಬಾಯಿಯಲ್ಲೇ ಕೂತು ರಚ್ಚೆ ಹಿಡಿದು ಅತ್ತಿದ್ದೆ. ಅವರು ಮತ್ತೆ ಕರೆಯಲಿಲ್ಲ, ನಾನೂ ಕೇಳಲಿಲ್ಲ. ಅರ್ಜಿಯಲ್ಲಿ ಕನ್ನಡಿಯ ಕೆಲಸವನ್ನೇ ಬರೆಸಬಹುದಿತ್ತು. ಆದರೆ ಭರತನಾಟ್ಯದ ಮುಂದೆ ಕನ್ನಡಿ ಹಿಡಿಯುವುದು ಎಂಥ ಪ್ರತಿಭೆ?

ವಾಪಸ್ ಬರುವಾಗ ಬಸ್ಸಿನಲ್ಲಿ ಅರ್ಜಿಯ ಪ್ರತಿಯನ್ನು ಓದಿದೆ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲಿತ್ತು. ನೀಡಿದ ಮಾಹಿತಿ ಸುಳ್ಳೆಂದು ಕಂಡುಬಂದಲ್ಲಿ ಪ್ರವೇಶವನ್ನು ಯಾವುದೇ ಹಂತದಲ್ಲಿ ರದ್ದುಪಡಿಸಲಾಗುವುದು. ದೊಡ್ಡವರು ಇಂಥ ಸಾಲುಗಳನ್ನು ಓದುವುದಿಲ್ಲ. ಹತ್ತು ವರ್ಷದ ಮಕ್ಕಳು ಓದುತ್ತಾರೆ, ಓದಿ ನಂಬುತ್ತಾರೆ ಕೂಡ.

ಸಂದರ್ಶನದ ದಿನ ಹೆಡ್ ಟೀಚರ್ ಗಣಿತ ಕೇಳಲಿಲ್ಲ, ಕನ್ನಡ ಕೇಳಲಿಲ್ಲ, ನೇರವಾಗಿ ಹದಿನಾಲ್ಕನೇ ಕಾಲಮ್ಮಿನ ಮೇಲೆ ಬೆರಳಿಟ್ಟರು. ಹೌದಾ, ಒಳಗೆ ಹೋಗ್ತೀಯಾ, ಹೇಗಿರ್ತದೆ ಅಂದರು. ಊಟಕ್ಕೆ ಕೂತಾಗ ಅಪ್ಪ ಹೇಳಿದ್ದ ಕಥೆಗಳೆಲ್ಲ ನನಗೆ ಬಾಯಿಪಾಠ. ಮೇಣದ ಬತ್ತಿ ಮಂಕಾದರೆ ಗಾಳಿ ಕೆಟ್ಟಿದೆ ಅಂತ ಅರ್ಥ, ಕೂಡಲೇ ಹೊರಗೆ ಬರಬೇಕು ಅಂದೆ. ಮುಳ್ಳುಹಂದಿ ಮಲಗಿದ್ದರೆ ಎಬ್ಬಿಸಬಾರದು ಅಂದೆ. ಸತ್ಯದ ತಲೆ ಮೇಲೆ ಹೊಡೆದ ಹಾಗೆ ಸುಳ್ಳು ಹೇಳುವುದು ಅಂದರೆ ಅದೇ. ಅವರು ಪೆನ್ನು ಕೆಳಗಿಟ್ಟು ಕೇಳಿದರು. ಎರಡು ವಾರಕ್ಕೆ ಸೀಟು ಸಿಕ್ಕಿದ ಪತ್ರ ಬಂತು. ಸೀಟು ಸಿಕ್ಕಿದ್ದು ಸುರಂಗದಿಂದಲೇ ಅನ್ನುವುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಶಾಲೆಗೆ ಸೇರಿದ ಮೊದಲ ದಿನ ನಾನು ಬೆರಗಾದದ್ದು ಲೈಬ್ರರಿ ನೋಡಿ ಅಲ್ಲ, ಕಂಪ್ಯೂಟರ್ ನೋಡಿಯೂ ಅಲ್ಲ. ಊಟದ ಹಾಲಿನ ಹಿಂದೆ ಸಾಲಾಗಿ ಇಪ್ಪತ್ತನಾಲ್ಕು ನಲ್ಲಿಗಳಿದ್ದವು. ನಮ್ಮ ಮನೆಯಲ್ಲಿ ಸುರಂಗದ ನೀರು ನೂಲಿನ ಹಾಗೆ ಬರುತ್ತಿತ್ತು. ಒಂದು ಕೊಡ ತುಂಬುವಷ್ಟರಲ್ಲಿ ಒಂದು ಪಾಠ ಓದಿ ಮುಗಿಸಬಹುದು. ಇಲ್ಲಿ ತಿರುಗಿಸಿದರೆ ಸಾಕು, ಬಟ್ಟಲು ಕೈಯಿಂದ ಹಾರಿಹೋಗುವ ಹಾಗೆ ನೀರು. ಯಾರೂ ಇಲ್ಲದ ಹೊತ್ತು ನೋಡಿ ಇಪ್ಪತ್ತನಾಲ್ಕನ್ನೂ ಒಟ್ಟಿಗೆ ತಿರುಗಿಸಿ, ನಡುವೆ ನಿಂತು ನೋಡಿದೆ. ವಾರ್ಡನ್ ಕಿವಿ ಹಿಂಡಿ ಕರೆದುಕೊಂಡು ಹೋದರು. ಮನೆ ಬಿಟ್ಟ ದುಃಖಕ್ಕೆ ಅಳುತ್ತಿದ್ದಾಳೆ ಅಂತ ಉಳಿದವರು ತಿಳಿದುಕೊಂಡರು. ಕಿವಿ ನೋಯುತ್ತಿತ್ತು, ಅಷ್ಟೇ.

ಬೆರಗಾಗಲಿಕ್ಕೆ ಅಲ್ಲಿ ಬೇಕಾದಷ್ಟು ಇತ್ತು. ಇನ್ನೂರು ಮಕ್ಕಳು ಒಟ್ಟಿಗೆ ಗಂಜಿ ಸುರ್ರೆಂದು ಹೀರುವ ಸದ್ದು. ಒಂದರ ಮೇಲೊಂದು ಮಂಚ. ನನ್ನ ಮೇಲಿನ ಮಂಚದ ಹುಡುಗಿ ನೆಲ್ಯಾಡಿ ಕಡೆಯವಳು. ಅವಳ ಅಜ್ಜ ಕೇರಳದಿಂದ ಬಂದು ಕಾಡು ಕಡಿದು ರಬ್ಬರ್ ಇಟ್ಟವರು. ಅವಳು ಪ್ರಾರ್ಥನೆ ಮಲಯಾಳದಲ್ಲಿ ಮಾಡುವಳು, ಜಗಳ ತುಳುವಿನಲ್ಲಿ, ಗಣಿತ ಕನ್ನಡದಲ್ಲಿ. ನಾನು ಸಿಟ್ಟು ಬಂದು ಮಾತು ಬಿಟ್ಟರೆ ಮೇಲಿಂದ ಕಾಲು ಇಳಿಬಿಟ್ಟು ನನ್ನ ಮೂಗಿನ ಮುಂದೆ ಅಲ್ಲಾಡಿಸುವಳು. ಎಷ್ಟು ಹೊತ್ತು ಬಿಗಿದುಕೊಂಡಿರಲಿಕ್ಕೆ ಆಗುತ್ತದೆ? ದೀಪಾವಳಿಯ ಹೊತ್ತಿಗೆ ಆ ಶಾಲೆ ಬಿಟ್ಟರೆ ನನಗೆ ಬೇರೆ ಜಾಗವೇ ಇಲ್ಲ ಅನ್ನುವಷ್ಟು ಅದನ್ನು ಹಚ್ಚಿಕೊಂಡಿದ್ದೆ. ರಜೆಗೆ ಮನೆಗೆ ಹೋದವಳು ಮೂರನೇ ದಿನಕ್ಕೇ ಪೆಟ್ಟಿಗೆ ಕಟ್ಟಿಟ್ಟದ್ದು ನೋಡಿ ಅಮ್ಮನಿಗೆ ಬೇಸರವಾಯಿತು.

ಮಾರ್ಚಿನಲ್ಲಿ ನಲ್ಲಿಗಳು ಕೆಮ್ಮತೊಡಗಿದವು. ಬೋರ್‌ವೆಲ್ ಬತ್ತಿತು. ಇನ್ನೊಂದು ಕೊರೆಸಿದರು, ಕೆಂಪು ಧೂಳು ಬಂತು. ಟ್ಯಾಂಕರಿನ ನೀರು ಅಡಿಗೆಗೇ ಸಾಲದು. ಪರೀಕ್ಷೆಗೆ ಮುಂಚೆಯೇ ಹಾಸ್ಟೆಲ್ ಮುಚ್ಚುತ್ತಾರಂತೆ ಅಂತ ಸುದ್ದಿ ಹಬ್ಬಿತು. ಹಾಗಿರುವಾಗ ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಹೆಡ್ ಟೀಚರ್ ಎಲ್ಲರೆದುರು ನನ್ನನ್ನು ಕರೆದರು. ಆಟದ ಮೈದಾನದ ಆಚೆ ಗುಡ್ಡದಲ್ಲಿ ಶಾಲೆ ಕಟ್ಟುವ ಮೊದಲಿನದೊಂದು ಸುರಂಗವಿದೆ, ಮಣ್ಣು ಜರಿದು ಮುಚ್ಚಿಹೋಗಿದೆ, ಶನಿವಾರ ನಿನ್ನ ಅಪ್ಪ ಬರುತ್ತಾರೆ, ನೀನೂ ಅವರ ಜೊತೆ ಹೋಗುವವಳಲ್ಲವಾ ಅಂದರು. ಇನ್ನೂರು ತಲೆಗಳು ನನ್ನ ಕಡೆ ತಿರುಗಿದವು. ನಾನು ತಲೆ ಆಡಿಸಿದೆ. ಹೌದು ಅಂತಲೋ ಇಲ್ಲ ಅಂತಲೋ ನನಗೇ ಗೊತ್ತಾಗಲಿಲ್ಲ.

ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಅನ್ನುತ್ತಾರಲ್ಲ, ಶನಿವಾರಕ್ಕೆ ಉಳಿದಿದ್ದ ಮೂರು ದಿನ ನನಗೆ ಅನ್ನ ಇಳಿಯಲಿಲ್ಲ. ದಪ್ಪ ಅಕ್ಷರದ ಆ ಸಾಲು ಕಣ್ಣ ಮುಂದೆಯೇ ಇತ್ತು. ಕೊನೆಗೆ ಮೇಲಿನ ಮಂಚದವಳಿಗೆ ಎಲ್ಲ ಹೇಳಿದೆ. ಅವಳು ಯೋಚಿಸಿ, ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡರೆ ಜ್ವರ ಬರುತ್ತದೆ ಅಂದಳು. ಇಟ್ಟುಕೊಂಡೆ. ಜ್ವರ ಬರಲಿಲ್ಲ, ನಾತ ಬಂತು.

ಇದರ ಮೇಲೆ ಇನ್ನೊಂದು ಪೇಚಿತ್ತು. ಸುರಂಗಕ್ಕೆ ಇಳಿಯುವ ದಿನ ಅಪ್ಪ ಸುಳ್ಳು ಹೇಳುವುದಿಲ್ಲ. ಅದು ಅವರ ಅಪ್ಪನಿಂದ ಬಂದ ನೇಮ. ಗುಡ್ಡದ ಒಳಗೆ ಹೋಗುವವನ ಬಾಯಿ ಶುದ್ಧ ಇರಬೇಕು ಅನ್ನುತ್ತಿದ್ದರು. ಬೇರೆ ದಿನಗಳಲ್ಲಿ ಅವರೇನು ಹರಿಶ್ಚಂದ್ರನಲ್ಲ. ಆ ಒಂದು ದಿನ ಮಾತ್ರ, ಅಮ್ಮ ಸಾರು ಹೇಗಾಗಿದೆ ಅಂತ ಕೇಳುವುದನ್ನೂ ಬಿಡುತ್ತಿದ್ದಳು.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅಪ್ಪ ಬಂದಿಳಿದರು. ಹೆಗಲಲ್ಲಿ ಪಿಕ್ಕಾಸು, ಕೈಯಲ್ಲಿ ಮೇಣದ ಬತ್ತಿಯ ಕಟ್ಟು. ನಾನು ಅವರ ಹತ್ತಿರ ಒಬ್ಬಳೇ ಮಾತಾಡುವಷ್ಟರಲ್ಲಿ ಹೆಡ್ ಟೀಚರ್ ಬಂದರು. ಅವರು ಸುರಂಗದ ಬಗ್ಗೆಯೂ ಕೇಳಲಿಲ್ಲ, ನೀರಿನ ಬಗ್ಗೆಯೂ ಕೇಳಲಿಲ್ಲ. ನಕ್ಕು, "ನಿಮ್ಮ ಮಗಳು ನಿಮ್ಮೊಟ್ಟಿಗೆ ಒಳಗೆ ಬರ್ತಾಳಂತಲ್ಲ, ಅರ್ಜಿಯಲ್ಲೇ ಬರೆದಿದ್ದಾಳೆ" ಅಂದರು.

ಅಪ್ಪ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಸುಮ್ಮನೆ ನೋಡಿದರು, ನಾನು ಎಷ್ಟು ಎತ್ತರವಾಗಿದ್ದೇನೆ ಅಂತ ಅಳೆಯುವವರ ಹಾಗೆ. ಆಮೇಲೆ ಟೀಚರ್ ಕಡೆ ತಿರುಗಿ ಹೇಳಿದರು.

"ಇವತ್ತು ಬರ್ತಾಳೆ."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಮಧ್ಯಾಹ್ನದವರೆಗೆ ಅಪ್ಪ ಒಬ್ಬರೇ ಒಳಗಿದ್ದರು. ಶಾಲೆಯ ತೋಟದ ಇಬ್ಬರು ಬುಟ್ಟಿಯಲ್ಲಿ ಮಣ್ಣು ಹೊರಗೆ ಸಾಗಿಸಿದರು. ಊಟದ ಗಂಟೆಯಾದ ಮೇಲೆ ಒಳಗಿಂದ ಒಂದು ಕೂಗು ಕೇಳಿಸಿತು, ಅದರ ಹಿಂದೆಯೇ ಕೆಸರು ನೀರು ಹೊರಗೆ ಹರಿದು ಬಂತು. ಮಕ್ಕಳೆಲ್ಲ ಕುಣಿದರು. ಅಪ್ಪ ತಲೆಯಿಂದ ಕಾಲವರೆಗೆ ಕೆಂಪಾಗಿ ಹೊರಗೆ ಬಂದು, ಕಡೆವರೆಗೆ ಒಮ್ಮೆ ಹೋಗಿ ಬಂದೆ, ದಾರಿ ಗಟ್ಟಿ ಉಂಟು, ಗಾಳಿಯೂ ಒಳ್ಳೆದುಂಟು ಅಂದರು. ಆಮೇಲೆ ನನ್ನ ಕೈಗೆ ಮೇಣದ ಬತ್ತಿ ಕೊಟ್ಟರು. ಹೆಡ್ ಟೀಚರಿಗೆ ಈಗ ಭಯವಾಗಿ, ಮಗು ಬೇಡವೇನೋ ಅಂದರು. ನಾನು ಹೋಗದ ಜಾಗಕ್ಕೆ ಇವಳನ್ನು ಕರೆದುಕೊಂಡು ಹೋಗುದಿಲ್ಲ ಟೀಚರ್, ಅಂದರು ಅಪ್ಪ.

ಸುರಂಗದ ಬಾಯಿ ಪಡುವಣಕ್ಕಿತ್ತು. ಹಾಸ್ಟೆಲಿನ ಬಚ್ಚಲಿನ ಕನ್ನಡಿಯನ್ನು ಕಳಚಿ ತಂದಿದ್ದರು. ಅದನ್ನು ಹೇಗೆ ಹಿಡಿಯಬೇಕು ಅಂತ ಮೇಲಿನ ಮಂಚದವಳಿಗೆ ನಾನೇ ತೋರಿಸಿಕೊಟ್ಟೆ. ಬಿಸಿಲು ಒಳಕ್ಕೆ ತಿರುಗಿತು. ನಾನು ಅಪ್ಪನ ಬೆನ್ನಿನ ಹಿಂದೆ ಬಗ್ಗಿ ಕಾಲಿಟ್ಟೆ.

ಎಷ್ಟೋ ರಜೆಗಳಲ್ಲಿ ನಾನು ಬೆಳಕನ್ನು ಒಳಗೆ ಕಳಿಸಿದ್ದೆ. ಅದು ಅಲ್ಲಿ ಹೋಗಿ ಏನು ಮಾಡುತ್ತದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಈಗ ಅದು ನನ್ನ ಭುಜದ ಮೇಲಿಂದ ಹಾದು ಮುಂದೆ ಹೋಗುತ್ತಿತ್ತು. ಮುರಕಲ್ಲಿನ ಗೋಡೆಗಳು ಎರಡೂ ಕಡೆ ಕೆಂಪಗೆ, ಹಳದಿಯಾಗಿ, ಅಲ್ಲಲ್ಲಿ ನೇರಳೆಯಾಗಿ ಹೊಳೆಯುತ್ತಿದ್ದವು. ಗುಡ್ಡದ ಹೊಟ್ಟೆಯಲ್ಲಿ ಇಷ್ಟು ಬಣ್ಣ ಇರುತ್ತದೆ ಅಂತ ಅಪ್ಪ ಊಟದ ಹೊತ್ತಿಗೆ ಯಾವತ್ತೂ ಹೇಳಿರಲಿಲ್ಲ. ಹೊರಗೆ ಹುಡುಗಿಯ ಕೈ ಅಲುಗಿದಾಗ ಇಡೀ ಗೋಡೆ ಅಲುಗಿದಂತಾಗಿ ನನ್ನ ಜೀವ ಬಾಯಿಗೆ ಬರುತ್ತಿತ್ತು. ನನ್ನ ಕೈ ಅಲುಗಿದಾಗ ಅಪ್ಪ ಯಾಕೆ ಅಷ್ಟು ಬೈಯುತ್ತಿದ್ದರು ಅನ್ನುವುದು ಆಗ ಅರ್ಥವಾಯಿತು.

ಗೋಡೆಯ ತುಂಬ ಪಿಕ್ಕಾಸಿನ ಗೆರೆಗಳು. ಅಪ್ಪ ನಿಂತು ಅವುಗಳ ಮೇಲೆ ಬೆರಳಾಡಿಸಿದರು. ಇದನ್ನು ತೋಡಿದವನು ಎಡಚ, ಗೆರೆ ಯಾವ ಕಡೆ ವಾಲಿದೆ ನೋಡು ಅಂದರು. ಸ್ವಲ್ಪ ಮುಂದೆ, ಇಲ್ಲಿ ಅವನಿಗೆ ಸುಸ್ತಾಗಿದೆ, ಗೆರೆ ಗಿಡ್ಡ ಆಯಿತಲ್ಲ ಅಂದರು. ಇನ್ನೂ ಮುಂದೆ ಗೆರೆಗಳು ಆಳವಾಗಿ, ಒಂದರ ಮೇಲೊಂದು ಬಿದ್ದಿದ್ದವು. "ಇಲ್ಲಿ ಅವನಿಗೆ ನೀರಿನ ವಾಸನೆ ಸಿಕ್ಕಿದೆ. ಅವಸರ ಮಾಡಿದ್ದಾನೆ" ಅಂದು ನಕ್ಕರು. ಆ ಮನುಷ್ಯ ಯಾರೋ, ಯಾವ ಕಾಲದವನೋ, ಅವನ ಹೆಸರನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಅಪ್ಪ ಅವನನ್ನು ಓದುತ್ತಿದ್ದರು, ನಾನು ಪಾಠ ಓದುವುದಕ್ಕಿಂತ ಸರಾಗವಾಗಿ.

ಆಮೇಲೆ ಸುರಂಗ ಬಲಕ್ಕೆ ತಿರುಗಿತು. ಕನ್ನಡಿಯ ಬೆಳಕು ಅಲ್ಲಿಗೆ ನಿಂತಿತು. ಮೇಣದ ಬತ್ತಿಯೊಂದೇ ಉಳಿಯಿತು. ನಾನು ಅದರ ಜ್ವಾಲೆಯಿಂದ ಕಣ್ಣು ಕೀಳದೆ ನಡೆದೆ. ಅಪ್ಪ ತಿರುಗಿ ನೋಡಲಿಲ್ಲ, ಹೆದರಬೇಡ ಅನ್ನಲಿಲ್ಲ. ವಾಪಸ್ ಹೋಗಬೇಕು ಅಂತ ಮೂರು ಸಲ ಅನ್ನಿಸಿತು. ಮೂರು ಸಲವೂ ಮುಂದಿದ್ದ ಅವರ ಹಿಮ್ಮಡಿಗಳನ್ನು ನೋಡಿ ಇನ್ನೊಂದು ಹೆಜ್ಜೆ ಇಟ್ಟೆ.

ಕೊನೆಯ ಗೋಡೆ ಬೆವರುತ್ತಿತ್ತು. ಎಲ್ಲಿಯೂ ಧಾರೆಯಿಲ್ಲ, ಬುಗ್ಗೆಯಿಲ್ಲ. ಕಲ್ಲಿನ ಮೈಯಲ್ಲೆಲ್ಲ ಹನಿ ಮೂಡಿ, ದಪ್ಪವಾಗಿ, ಜಾರಿ ಬೀಳುತ್ತಿತ್ತು. ಅದು ಬಿದ್ದ ಜಾಗದಲ್ಲಿ ಇನ್ನೊಂದು ಆಗಲೇ ಮೂಡಿರುತ್ತಿತ್ತು. ಇಡೀ ಜಾಗ ಮೆಲ್ಲಗೆ ಟಪಟಪ ಅನ್ನುತ್ತಿತ್ತು. ಅಪ್ಪ ನನ್ನ ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದರು. ಬೆರಳ ಸಂದಿಯಿಂದ ನೀರು ಬಂತು. ಮೇಲೆ ಅಷ್ಟು ದೊಡ್ಡ ಒಣ ಗುಡ್ಡ, ಕರಟಿದ ಹುಲ್ಲು. ಒಳಗೆ ಅದು ಯಾರನ್ನೂ ಕೇಳದೆ ಹೀಗೆ ಕೊಡುತ್ತಾ ಕೂತಿದೆ. ನಾನು ಅತ್ತೆ. ಹೆದರಿಕೆಯಿಂದ ಅಲ್ಲ, ಯಾಕೆ ಅಂತ ಈಗಲೂ ಸರಿಯಾಗಿ ಹೇಳಲಾರೆ. ಅಪ್ಪ ಬತ್ತಿಯನ್ನು ನನ್ನ ಕೈಯಿಂದ ತೆಗೆದುಕೊಂಡರು.

ಹೊರಗೆ ಬಂದಾಗ ಬಿಸಿಲಿಗೆ ಕಣ್ಣು ಬಿಡಲಾಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಡ್ ಟೀಚರ್ ನನ್ನ ಭುಜ ಹಿಡಿದು, ಇಂಥವಳು ನಮ್ಮ ಶಾಲೆಯಲ್ಲಿದ್ದಾಳೆ ಅಂತ ಎಲ್ಲರಿಗೂ ಹೇಳತೊಡಗಿದರು. ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಗೋಡೆಯನ್ನು ಮುಟ್ಟಿ ಬಂದ ಕೈ ಇನ್ನೂ ಒದ್ದೆಯಿತ್ತು.

"ಟೀಚರ್, ನಾನು ಇಷ್ಟರವರೆಗೆ ಒಳಗೆ ಹೋದದ್ದೇ ಇಲ್ಲ. ಇವತ್ತೇ ಮೊದಲು. ಅರ್ಜಿಯಲ್ಲಿ ಬರೆದದ್ದು ಸುಳ್ಳು."

ಚಪ್ಪಾಳೆ ನಿಂತಿತು. ಟೀಚರ್ ಅಪ್ಪನ ಮುಖ ನೋಡಿದರು. ಅಪ್ಪ ಪಿಕ್ಕಾಸಿನ ಮಣ್ಣು ಕೆರೆಯುತ್ತ ಕೂತಿದ್ದರು. ತಲೆ ಎತ್ತದೆಯೇ ಹೇಳಿದರು.

"ನಾನು ಮೊದಲ ಸಲ ಹೋದಾಗ ಅರ್ಧದಿಂದ ಓಡಿ ಬಂದಿದ್ದೆ ಟೀಚರ್. ಇವಳು ಕಡೆವರೆಗೆ ಬಂದಳು."

ಇದನ್ನು ಅವರು ಮನೆಯಲ್ಲಿ ಅಮ್ಮನಿಗೂ ಹೇಳಿದವರಲ್ಲ. ಅವತ್ತು ಅವರು ಸುಳ್ಳು ಹೇಳುವ ದಿನವೂ ಅಲ್ಲ.

ಟೀಚರ್ ನನ್ನ ಭುಜದಿಂದ ಕೈ ತೆಗೆದರು. ಆಮೇಲೆ ನನ್ನ ಜಡೆಗೆ ಅಂಟಿದ್ದ ಒಂದು ಹೆಂಟೆ ಮಣ್ಣನ್ನು ಕಿತ್ತು ಕೆಳಗೆ ಹಾಕಿ, "ಹೋಗಿ ತಲೆ ತೊಳ್ಕೊ. ಐದು ಗಂಟೆಗೆ ಸ್ಟಡಿ ಉಂಟು, ತಡ ಮಾಡಬೇಡ" ಅಂದರು.