ತುಟಿಗಿಂತ ಮುಂಚೆ ಬಂದ ದನಿ

೨೦೦೩ರಲ್ಲಿ, ಎಂಟನೇ ತರಗತಿಯ ನಡುವೆ ನಾನು ಓದು ನಿಲ್ಲಿಸಿದೆ. ಆಮೇಲೆ ಕಲಿತದ್ದೆಲ್ಲ ಕೈಯಿಂದ. ರೇಡಿಯೋ, ಟಿವಿ, ಡಿವಿಡಿ ಪ್ಲೇಯರು, ಕೊನೆಗೆ ಲ್ಯಾಪ್‌ಟಾಪು. ಮದ್ದೂರಿನ ನನ್ನ ಅಂಗಡಿಗೆ ಬಂದ ಮಾಲು ಸರಿಯಾಗದೆ ವಾಪಸ್ಸು ಹೋದದ್ದು ಕಡಿಮೆ. ಇದನ್ನು ಜಂಬ ಅಂದುಕೊಂಡರೂ ಪರವಾಗಿಲ್ಲ.

ಮೊನ್ನೆ ಯಾರದೋ ಲ್ಯಾಪ್‌ಟಾಪಿನ ಕೀಬೋರ್ಡು ಬಿಚ್ಚಿದಾಗ ಒಳಗಿನಿಂದ ನಸ್ಯದ ಘಾಟು ಮೂಗಿಗೆ ಹೊಡೆಯಿತು. ಸೀನು ಬಂತು. ಸೀನಿನ ಹಿಂದೆಯೇ ನಮ್ಮ ಹಾರ್ಮೋನಿಯಂ ಮೇಷ್ಟ್ರು ನೆನಪಾದರು...

ಅಂಗಡಿಯ ಎದುರು ಸಾಲಿನಲ್ಲಿ ಅವರ ಬಾಡಿಗೆ ಮನೆ. ಸುತ್ತಲ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವುದು ಕಸುಬು. ಗದ್ದೆ ಕೆಲಸ, ಫ್ಯಾಕ್ಟರಿ ಕೆಲಸ ಮುಗಿಸಿ ಬಂದವರನ್ನು ಸಂಜೆ ಕೂರಿಸಿಕೊಂಡು ಹಾಡಿನ ಮಟ್ಟು ಹೇಳಿಕೊಡುತ್ತಿದ್ದರು. ಆ ಮಟ್ಟುಗಳು ಯಾವ ಪುಸ್ತಕದಲ್ಲೂ ಇರಲಿಲ್ಲ, ಅವರ ಗಂಟಲಲ್ಲಿದ್ದವು. ಆ ಗಂಟಲಿಗೇ ಆಪರೇಷನ್ ಆಯಿತು. ಬೆರಳುಗಳು ಮೊದಲಿನ ಹಾಗೇ ಓಡುತ್ತಿದ್ದವು. ದನಿ ಮಾತ್ರ ಪಿಸುಗುಟ್ಟುವಷ್ಟು ಉಳಿಯಿತು. ಕೆರಗೋಡು ಹಳ್ಳಿಯವರು ಆ ವರ್ಷದ ನಾಟಕಕ್ಕೆ ಅವರನ್ನೇ ಗೊತ್ತು ಮಾಡಿದ್ದರು. ಹಾಡಿ ತೋರಿಸದೆ ಕಲಿಸುವುದು ಹೇಗೆ?

ಆಗಲೇ ಅವರು ಮಗಳ ಹಳೇ ಲ್ಯಾಪ್‌ಟಾಪು ತಂದು ನನ್ನ ಮೇಜಿನ ಮೇಲಿಟ್ಟದ್ದು. ಹಿಂದೊಮ್ಮೆ ಆಡಿಸಿದ ಅದೇ ನಾಟಕದ ವಿಡಿಯೋ ಅದರಲ್ಲಿತ್ತು. ಹಾಕಿದರೆ ಚಿತ್ರ ಓಡುತ್ತದೆ, ಸದ್ದಿಲ್ಲ.

“ನನ್ನಂಗೇ ಆಗದೆ ಕಣ್ಲಾ ಇದ್ಕೂವೆ,” ಅಂದರು. “ಇದ್ರ ಗಂಟ್ಲಾದ್ರೂ ರಿಪೇರಿ ಮಾಡು.”

ಸ್ಪೀಕರು ಚೆನ್ನಾಗಿತ್ತು. ತೊಂದರೆ ಇದ್ದದ್ದು ಕೋಡೆಕ್‌ನಲ್ಲಿ. ಕ್ಯಾಮೆರಾ ಚಿತ್ರವನ್ನು ಒಂದು ರೀತಿ, ಸದ್ದನ್ನು ಇನ್ನೊಂದು ರೀತಿ ಮಡಿಸಿ ಇಡುತ್ತದೆ. ಬಿಚ್ಚುವ ಬಗೆ ಲ್ಯಾಪ್‌ಟಾಪಿಗೆ ಗೊತ್ತಿರಬೇಕು. ಇದಕ್ಕೆ ಚಿತ್ರದ್ದು ಗೊತ್ತಿತ್ತು, ಸದ್ದಿನದು ಗೊತ್ತಿರಲಿಲ್ಲ. ಎಲ್ಲ ಬಗೆಯದನ್ನೂ ಬಿಚ್ಚಬಲ್ಲ ಬೇರೊಂದು ಪ್ಲೇಯರು ಹಾಕಿದೆ. ದನಿ ಬಂತು.

ಆದರೆ ಮೊದಲ ಹಾಡಿನಲ್ಲೇ ಇನ್ನೊಂದು ದೋಷ ಕಂಡಿತು. ರಾಜನ ಪಾರ್ಟಿನವನ ಬಾಯಿಗಿಂತ ದನಿ ತುಸು ಮುಂದೆ ಓಡುತ್ತಿತ್ತು. ಇಂಥ ಫೈಲುಗಳಲ್ಲಿ ಇದು ಇದ್ದದ್ದೇ. ಅವರು ಕೇಳಿದ್ದು ಒಂದೇ ಕೆಲಸವಾದರೂ ಎರಡನ್ನೂ ಮಾಡಿಕೊಡೋಣ ಅಂತ ದನಿಯನ್ನು ಹಿಂದಕ್ಕೆ ಸರಿಸಿ, ತುಟಿಗೆ ಸರಿಯಾಗಿ ಕೂರಿಸಿ, ಹೊಸ ಫೈಲು ಮಾಡಿದೆ. ದಿನವೆಲ್ಲ ಹಿಡಿಯಿತು.

ಮಾರನೆಯ ದಿನ ಮೇಷ್ಟ್ರು ಬಂದರು. ಜೊತೆಗೆ ಹೊಸ ರಾಜನ ಪಾರ್ಟಿನವನು, ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಕೆರಗೋಡಿನವನು. ಹಾಡು ಶುರುವಾಯಿತು. ದನಿ ಬಂತೆಂದು ಮೇಷ್ಟ್ರು ಹಿಗ್ಗಲಿಲ್ಲ. ವಿಡಿಯೋದ ಮೂಲೆಯಲ್ಲಿ ಹಾರ್ಮೋನಿಯಂ ಹಿಡಿದು ಕೂತಿದ್ದ ತಮ್ಮನ್ನೇ ದಿಟ್ಟಿಸಿದರು.

“ನನ್ನ ಕೈ ಒಂದ್ ಕಡೆ, ಪೆಟ್ಗೆ ಸದ್ದು ಒಂದ್ ಕಡೆ. ಏನ್ಲಾ ಮಾಡ್ದೆ?”

“ಅವನ ಬಾಯ್ಗೆ ಸರಿಯಾಗಿ ಕೂರ್ಸಿವ್ನಿ ಮೇಷ್ಟ್ರೇ.”

“ಅದು ಅವ್ನ ದನಿ ಅಂದ್ಕಂಡೇನ್ಲಾ? ನಂದು. ಅವ್ನಿಗೆ ಹಾಡೆಲ್ಲ ಮರ್ತೋಗಿತ್ತು. ನಾನು ಹಾಡ್ದೆ, ಅವ್ನು ಕೇಳ್ಕಂಡು ಹಿಂದಿಂದೆ ಬಾಯಾಡಿಸ್ದ.”

ನಮ್ಮ ಕಡೆ ಇದು ರೂಢಿ. ಪಾರ್ಟಿನವನಿಗೆ ಹಾಡು ತಪ್ಪಿದರೆ ಮೇಷ್ಟ್ರು ಹಾರ್ಮೋನಿಯಂ ಪೆಟ್ಟಿಗೆಯ ಹಿಂದಿನಿಂದಲೇ ಎತ್ತಿಕೊಂಡು ಹಾಡುತ್ತಾರೆ. ನೋಡುವವರಿಗೆಲ್ಲ ಗೊತ್ತಿರುತ್ತದೆ, ಯಾರೂ ಆಡಿಕೊಳ್ಳುವುದಿಲ್ಲ. ಎಷ್ಟು ನಾಟಕ ನೋಡಿದ್ದೆ... ಮೇಜಿನ ಮುಂದೆ ಕೂತಾಗ ಅದು ಹೊಳೆಯಲೇ ಇಲ್ಲ.

ಫ್ಯಾಕ್ಟರಿಯವನು ನಗಲಿಲ್ಲ. “ನಂಗೂ ಮರ್ತೋದ್ರೆ ಯಾರ್ ಹಾಡಾರು ಮೇಷ್ಟ್ರೇ?” ಅಂದ.

ಮೇಷ್ಟ್ರು ನಸ್ಯ ಏರಿಸಿ, ಬೆರಳು ಪಂಚೆಗೆ ಒರೆಸಿಕೊಂಡರು. “ಯಾರೂ ಇಲ್ಲ. ಅದ್ಕೇ ಮರೀಬ್ಯಾಡ.”

ದನಿಯನ್ನು ಮತ್ತೆ ಮೊದಲಿನ ಜಾಗಕ್ಕೆ ತಂದುಕೊಟ್ಟೆ. ಆಮೇಲೆ ಸಂಜೆಸಂಜೆ ಅವರ ಮನೆಯಿಂದ ಒಂದು ಸಾಲು ವಿಡಿಯೋದ ದನಿ, ಅದರ ಹಿಂದೆ ಅದೇ ಸಾಲು ಫ್ಯಾಕ್ಟರಿಯವನ ದನಿ ಕೇಳಿಸುತ್ತಿತ್ತು. ಬೈಗುಳ ಕೇಳಿಸುತ್ತಿರಲಿಲ್ಲ; ಪಿಸುಮಾತಿನ ಬೈಗುಳ ರಸ್ತೆ ದಾಟುವುದಿಲ್ಲ. ಸದ್ದು ನಿಂತು, ಅದೇ ಸಾಲು ಮತ್ತೆ ಶುರುವಾದಾಗ ಬೈಸಿಕೊಂಡ ಅಂತ ನಾನೇ ತಿಳಿದುಕೊಳ್ಳುತ್ತಿದ್ದೆ.

ನಾಟಕದ ಹೊತ್ತಿಗೆ ಮೇಷ್ಟ್ರು ಉಳಿದಿರಲಿಲ್ಲ. ಕಾಯಿಲೆ ಮರುಕಳಿಸಿತ್ತು, ಯಾರಿಗೂ ಹೇಳಿರಲಿಲ್ಲ. ಕೆರಗೋಡಿನವರು ಮಳವಳ್ಳಿ ಕಡೆಯಿಂದ ಬೇರೊಬ್ಬ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿದರು. ಒಳ್ಳೆಯ ಕೈ, ಆದರೆ ಈ ಮಟ್ಟುಗಳನ್ನು ಕೇಳಿದವರಲ್ಲ. ನಾಟಕದ ರಾತ್ರಿ ನಾನು ರಂಗದ ಪಕ್ಕದಲ್ಲೇ ನಿಂತಿದ್ದೆ. ಫ್ಯಾಕ್ಟರಿಯವನು ಕಿರೀಟ ಸರಿಮಾಡಿಕೊಂಡು, ಪೆಟ್ಟಿಗೆಯ ಕಡೆ ಒಮ್ಮೆ ನೋಡಿದ. ಅಲ್ಲಿಂದ ಏನೂ ಬರುವುದಿಲ್ಲವೆಂದು ಗೊತ್ತಾಗಿರಬೇಕು. ತಾನೇ ಎತ್ತಿಕೊಂಡ. ಮಳವಳ್ಳಿಯವರ ಬೆರಳು ಅವನ ದನಿಯ ಹಿಂದೆ ಹಿಂದೆ ಸ್ವರದ ಮನೆಗಳನ್ನು ತಡಕುತ್ತಾ ಬಂತು. ಹಾಡಿನ ಕೊನೆಯವರೆಗೂ ಅವನು ಎಲ್ಲೂ ನಿಲ್ಲಲಿಲ್ಲ...

ಎದುರಿನ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ನನಗಿರುವುದು ಸ್ವಂತ ಅಂಗಡಿ ಒಂದು, ಅದರಲ್ಲಿ ಮೇಜು ಎರಡು. ಹೆಂಡತಿ, ಒಬ್ಬಳು ಮಗಳು. ಆ ವಿಡಿಯೋದಿಂದ ನಕಲು ಮಾಡಿಟ್ಟುಕೊಂಡ, ಮೇಷ್ಟ್ರ ದನಿಯ ಹದಿನೆಂಟು ಹಾಡು. ನನ್ನ ಕೆಲಸದಲ್ಲಿ ತಪ್ಪು ಹುಡುಕುವವರು, ಒಬ್ಬರೂ ಇಲ್ಲ.